ಸಂಗೀತಾಳ ಕೈತೂಕ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕಾನಹೊಸಹಳ್ಳಿಯ ಬಸ್ ನಿಲ್ದಾಣದಲ್ಲಿ ಇವತ್ತಿಗೂ ನಲವತ್ತು ದಾಟಿದ ಗಂಡಸರು ಗೀತಮ್ಮ ಟೀಚರ್ ಬಂದಳೆಂದರೆ ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಾರೆ. ಅಂಥವಳು ಒಬ್ಬ ಹುಡುಗಿಯ ಬಗ್ಗೆ ಬರೆಯಲು ಕುಳಿತಿದ್ದಾಳೆಂದರೆ ಆ ಹುಡುಗಿ ಭಾರಿ ಜಾಣೆ ಇರಬೇಕು ಎಂದುಕೊಳ್ಳುತ್ತೀರಿ. ಅಲ್ಲ. ಸಂಗೀತಾ ಹತ್ತನೆಯ ತರಗತಿಯ ಗಣಿತದಲ್ಲಿ ಎಂಬತ್ತಕ್ಕೆ ಹನ್ನೊಂದು ತೆಗೆದವಳು. ವಿಜ್ಞಾನದಲ್ಲಿ ಹತ್ತೊಂಬತ್ತು. ಅದು ನನ್ನ ಸೇವೆಯ ಕೊನೆಯ ಬ್ಯಾಚು. ನನ್ನ ವಿಷಯದಲ್ಲಿ ಎಲ್ಲರೂ ಪಾಸಾದರು ಎಂದು ಹೇಳಿಕೊಂಡು ನಿವೃತ್ತಳಾಗಬೇಕೆಂದಿದ್ದ ನನ್ನ ಆಸೆಗೆ ಇವಳೊಬ್ಬಳು ಮಣ್ಣು ಹಾಕಿದ್ದಳು.

ಬೈಯಲೆಂದೇ ಅವರ ಮನೆಗೆ ಹೋದೆ. ಊರಿನಿಂದ ಮೂರು ಮೈಲಿ ಒಳಗೆ, ಹೊಲದ ಅಂಚಿನ ಮನೆ. ಅವಳ ಅಪ್ಪ ಓಬಳೇಶಪ್ಪ ಕುರಿ ಸಾಕುತ್ತಾನೆ, ಎರಡೆಕರೆಯಲ್ಲಿ ಶೇಂಗಾ ಬೆಳೆಯುತ್ತಾನೆ. ಮನೆ ಮುಂದೆ ಯಾರೂ ಕಾಣಲಿಲ್ಲ. ಹಿತ್ತಲಿಗೆ ಹೋದರೆ ಮುಳ್ಳುಬೇಲಿಯ ಕುರಿ ರೊಪ್ಪದಲ್ಲಿ ಸಂಗೀತಾ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಹೊಟ್ಟೆ ಡೋಲಿನಂತೆ ಉಬ್ಬಿದ ಒಂದು ಕುರಿ. ಅದರ ಬಾಯಿಗೆ ಅಡ್ಡಲಾಗಿ ಬೇವಿನ ಕಡ್ಡಿ ಕಟ್ಟಿದ್ದಳು. ಓಬಳೇಶಪ್ಪ ಎಣ್ಣೆಯ ಬಟ್ಟಲು ಹಿಡಿದು, ಮಗಳು ಹೇಳಿದಂತೆ ಕೇಳುತ್ತ ಪಕ್ಕದಲ್ಲಿ ನಿಂತಿದ್ದ.

"ಇರ್ರಿ ಮೇಡಂ, ಬೈಯೋದು ಆಮ್ಯಾಲ" ಅಂದಳು, ತಲೆ ಎತ್ತದೆ. "ಹಸಿ ಜೋಳದ ಚಿಗುರು ತಿಂದು ಉಬ್ಬೈತಿ. ಇದು ತೇಗ್ಲಿ ತಡೀರಿ."

ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಹೀಗೆ ಹೇಳಿರಲಿಲ್ಲ. ಆದರೂ ನಿಂತು ನೋಡಿದೆ. ತರಗತಿಯಲ್ಲಿ ಕರಿಹಲಗೆಯ ಮುಂದೆ ನಿಂತರೆ ಗಡಗಡ ನಡುಗುತ್ತಿದ್ದ ಕೈ ಇದೇನಾ ಅನ್ನಿಸಿತು. ಕಣ್ಣು ಮುಚ್ಚಿ ಕುರಿಯ ಎಡ ಪಕ್ಕೆಯನ್ನು ಮೆಲ್ಲಗೆ ಒತ್ತುತ್ತಿದ್ದಳು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲಿ ಒಂದಿಷ್ಟೂ ಅನುಮಾನವಿಲ್ಲ. ಕಾಲು ಗಂಟೆಯಾದ ಮೇಲೆ ಕುರಿ ಕಡ್ಡಿ ಕಚ್ಚುತ್ತ ದೊಡ್ಡದಾಗಿ ತೇಗಿತು. ಆ ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದೆ. ಅವಳು ಮಾತ್ರ ನಗುತ್ತ ಅದರ ಕುತ್ತಿಗೆ ಸವರಿದಳು.

"ಈಗ ಬೈರಿ ಮೇಡಂ."

ಬೈಯುವುದನ್ನು ಬಿಟ್ಟೆ. "ಮುಂದ ಏನ್ ಮಾಡ್ತೀಯವ್ವಾ?" ಎಂದು ಕೇಳಿದೆ.

"ದನದ ಡಾಕ್ಟ್ರು ಆಗ್ತೀನ್ರಿ."

ನಾನು ನಕ್ಕುಬಿಟ್ಟೆ. ಹನ್ನೊಂದು ಅಂಕದವಳು ಡಾಕ್ಟ್ರು! ಟೀಚರಮ್ಮ ನಕ್ಕಳೆಂದು ಓಬಳೇಶಪ್ಪನೂ ನಕ್ಕ. ಹುಡುಗಿ ನಗಲಿಲ್ಲ. ಕುರಿಯ ಬಾಯಿಂದ ಕಡ್ಡಿ ಬಿಚ್ಚಿದಳು, ಎದ್ದು ಕೈ ತೊಳೆಯಲು ಹೋದಳು. ಬೈದಿದ್ದರೆ ಅವಳು ಮರೆಯುತ್ತಿದ್ದಳೇನೋ. ಆ ನಗುವಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಪ್ರಾಯಶ್ಚಿತ್ತ ಅನ್ನಿ, ಏನಾದರೂ ಅನ್ನಿ, ಮರುದಿನದಿಂದ ನನ್ನ ಮನೆಯ ಪಡಸಾಲೆಯಲ್ಲಿ ಅವಳಿಗೆ ಪಾಠ ಶುರು ಮಾಡಿದೆ. ಅಯ್ಯೋ, ಆ ದಿನಗಳನ್ನು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ದಶಮಾಂಶದ ಚುಕ್ಕೆ ಅವಳ ಕೈಯಲ್ಲಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೀಜಗಣಿತ ಶುರುವಾದರೆ ಇನ್ನೊಂದು ತಕರಾರು.

"ಎಕ್ಸ್ ಎಷ್ಟಂತ ಗೊತ್ತಿಲ್ಲಂತೀರಿ. ಗೊತ್ತಿಲ್ಲದ್ದನ್ನ ಯಾಕ್ರಿ ಕೂಡಿಸ್ಬೇಕು? ಗೊತ್ತಾದ ಮ್ಯಾಲ ಕೂಡಿಸಿದ್ರ ಆಗಲ್ಲೇನ್ರಿ?"

ಪಿತ್ತ ನೆತ್ತಿಗೇರಿ ಪುಸ್ತಕ ಎಸೆದಿದ್ದೇನೆ. ಅವಳು ಎತ್ತಿಕೊಂಡು ಬಂದು, ಧೂಳು ಒರೆಸಿ, ಅದೇ ಪುಟ ತೆಗೆದು ಮತ್ತೆ ಮುಂದೆ ಇಡುತ್ತಿದ್ದಳು. ಒಂದು ದಿನವೂ ಅತ್ತವಳಲ್ಲ, ಒಂದು ದಿನವೂ ತಪ್ಪಿಸಿದವಳಲ್ಲ. ಎರಡನೆಯ ಸಲ ಬರೆದಾಗ ಇಪ್ಪತ್ಮೂರು ಬಂತು, ಮತ್ತೆ ನಪಾಸು. ಮೂರನೆಯ ಸಲ ಮೂವತ್ತೊಂದು, ವಿಜ್ಞಾನವೂ ದಾಟಿತು. ಪಾಸಾದ ಸುದ್ದಿ ಕೇಳಿ ಅವಳಿಗಿಂತ ಮೊದಲು ನಾನೇ ಅತ್ತೆ.

ಹತ್ತನೆಯ ತರಗತಿಯ ಮೇಲೆ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ. ಅದನ್ನು ಓದಿದರೆ ಪೂರ್ತಿ ಡಾಕ್ಟರಾಗುವುದಿಲ್ಲ. ಆದರೆ ಡಾಕ್ಟರ ಕೈಕೆಳಗೆ ಹಳ್ಳಿ ಹಳ್ಳಿ ತಿರುಗಿ ದನಕುರಿಗಳಿಗೆ ಔಷಧ ಕುಡಿಸುವ, ಚುಚ್ಚುಮದ್ದು ಹಾಕುವ ಕೆಲಸ ಸಿಗುತ್ತದೆ. "ಅಷ್ಟಾದ್ರ ಸಾಕ್ರಿ, ನನಗ ಡಾಕ್ಟ್ರು ಅನ್ನೋ ಬೋರ್ಡು ಬ್ಯಾಡ, ಕುರಿ ಬೇಕು" ಅಂದಳು. ಮೊದಲ ವರ್ಷ ಸೀಟು ಸಿಗಲಿಲ್ಲ, ಮರು ವರ್ಷ ಸಿಕ್ಕಿತು. ಅಲ್ಲಿಯೂ ಔಷಧಗಳ ಹೆಸರು ಬಾಯಿಗೆ ಬಾರದೆ ಒಂದು ಪೇಪರು ಎರಡೆರಡು ಸಲ ಬರೆದಳು. ಆ ಹೆಸರುಗಳನ್ನು ಫೋನಿನಲ್ಲಿ ನನ್ನಿಂದ ಹೇಳಿಸಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ಅವುಗಳ ಅರ್ಥ ನನಗೂ ಗೊತ್ತಿರಲಿಲ್ಲ, ಇಬ್ಬರೂ ಸೇರಿ ಮಂತ್ರ ಹೇಳಿದಂತೆ ಹೇಳುತ್ತಿದ್ದೆವು.

ಕೊನೆಗೆ ಉಳಿದದ್ದು ತರಬೇತಿ. ನಮ್ಮ ಕಡೆಯ ಒಂದು ಪಶು ಆಸ್ಪತ್ರೆಗೆ ಅವಳನ್ನು ಕಳಿಸಿದರು. ಯಾವುದೆಂದು ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಅಲ್ಲಿನ ಡಾಕ್ಟರು ಬೆನಕಪ್ಪ. ತರಬೇತಿ ಸರಿಯಾಗಿ ಮುಗಿಸಿದ್ದಾಳೆ ಎಂದು ಅವರು ಸಹಿ ಹಾಕಿದರೆ ಡಿಪ್ಲೊಮಾ ಕೈಗೆ ಬಂದಂತೆ. ಹಾಕದಿದ್ದರೆ ಇಷ್ಟು ವರ್ಷದ ಒದ್ದಾಟವೆಲ್ಲ ನೀರಿನಲ್ಲಿ ಹೋಮ.

ಹೋದ ಮಳೆಗಾಲದಲ್ಲಿ ಕುರಿಗಳಿಗೆ ಜಂತಿನ ಔಷಧ ಕುಡಿಸಲು ಏಳು ಊರುಗಳಿಗೆ ಅವಳನ್ನು ಕಳಿಸಿದರು. ಡಾಕ್ಟರಿಗೆ ಮೂರು ಆಸ್ಪತ್ರೆಗಳ ಉಸ್ತುವಾರಿ, ಜೊತೆಗೆ ಬರಲು ಅವರಿಗೆ ಪುರಸೊತ್ತಿಲ್ಲ. ಹತ್ತು ಕೆ.ಜಿ. ತೂಕಕ್ಕೆ ಮೂರು ಎಂ.ಎಲ್. ಎಂದು ಬಾಟಲಿಯ ಮೇಲೆ ಬರೆದಿತ್ತು. ಒಂದೊಂದು ಕುರಿಯ ಬೆನ್ನಿನ ಮೇಲೆ ಕೈಯಿಟ್ಟು ತೂಕ ಅಂದಾಜು ಮಾಡುವುದು, ಲೆಕ್ಕ ಹಾಕುವುದು, ಸೂಜಿ ತೆಗೆದ ಸಿರಿಂಜಿನಿಂದ ಕುಡಿಸುವುದು, ರಿಜಿಸ್ಟರಿನಲ್ಲಿ ಬರೆಯುವುದು. ಹೀಗೆ ಮುನ್ನೂರ ಹನ್ನೆರಡು ಕುರಿಗಳಿಗೆ ಕುಡಿಸಿದಳು.

ಮೂರು ವಾರ ಕಳೆದರೂ ಕುರಿಗಳು ಚೇತರಿಸಿಕೊಳ್ಳಲಿಲ್ಲ. ಭೇದಿ ನಿಲ್ಲಲಿಲ್ಲ, ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿ ಜೋತುಬಿತ್ತು. ಕೂಲಿಗೆ ಹೋಗಿ ಬದುಕುವ ಹೊನ್ನೂರಮ್ಮನೆಂಬ ಹೆಂಗಸಿಗೆ ಇದ್ದದ್ದೇ ನಾಲ್ಕು ಕುರಿ, ಅದರಲ್ಲಿ ಎರಡು ಸತ್ತವು. ಬೆನಕಪ್ಪ ರಿಜಿಸ್ಟರ್ ತರಿಸಿ ಔಷಧದ ಕಾಲಂ ಮೇಲೆ ಬೆರಳಾಡಿಸಿದರು.

"ದೊಡ್ಡ ಕುರಿಗೆ ಒಂಬತ್ತು ಹತ್ತು ಎಂ.ಎಲ್. ಹೋಗ್ಬೇಕು. ನೀನು ನಾಕೂವರಿ, ಐದು ಕುಡಿಸೀಯ. ಅರ್ಧ ಡೋಸ್. ಗುಣಾಕಾರ ಬರಲ್ಲಂದ್ರ ನಿನ್ನ ಕೈಗೆ ಸಿರಿಂಜ್ ಹೆಂಗ ಕೊಡ್ಲಿ? ಇದಕ್ಕ ನಾನು ಸಹಿ ಹಾಕಂಗಿಲ್ಲ."

ಆ ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಅವಳು ನೇರ ನನ್ನ ಮನೆಗೆ ಬಂದಳು. ಮಧ್ಯಾಹ್ನದ ರೊಟ್ಟಿ ತಟ್ಟುತ್ತಿದ್ದೆ. ಬಾಗಿಲಲ್ಲೇ ನಿಂತು, "ನನಗ ಲೆಕ್ಕ ಬರಲ್ಲ ಅಂತ ನಿಮಗ ಮೊದಲ ಗೊತ್ತಿತ್ತಲ್ಲ ಮೇಡಂ. ಅವತ್ತ ನಕ್ಕಿದ್ರಲ್ಲ, ಅಷ್ಟಕ್ಕ ಬಿಡ್ಬೇಕಾಗಿತ್ತು ನಾನು. ಆ ಯವ್ವನ ಎರಡು ಕುರಿ ಉಳೀತಿದ್ವು" ಅಂದಳು. ಪುಸ್ತಕ ಎಸೆದಾಗಲೂ ಅಳದವಳು ಅವತ್ತು ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಒಲೆ ಆರಿಸಿ, ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಕೂತೆ.

ನಿಜ ಹೇಳುತ್ತೇನೆ, ನಾನೂ ಗುಣಾಕಾರದ ತಪ್ಪನ್ನೇ ಹುಡುಕುತ್ತಿದ್ದೆ. ಈ ಹುಡುಗಿಯ ಚುಕ್ಕೆ ಎಲ್ಲಿ ಜಾರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಮೊದಲ ಪುಟ ಮುಗಿಯಿತು, ತಪ್ಪಿಲ್ಲ. ಎರಡನೆಯದು, ತಪ್ಪಿಲ್ಲ. ಹದಿನಾರು ಕೆ.ಜಿ.ಗೆ ನಾಲ್ಕು ಪಾಯಿಂಟ್ ಎಂಟು, ಸರಿ. ಹದಿಮೂರಕ್ಕೆ ಮೂರು ಪಾಯಿಂಟ್ ಒಂಬತ್ತು, ಸರಿ. ಮಧ್ಯಾಹ್ನ ದಾಟಿ, ಸಂಜೆ ನಾಲ್ಕರ ಕೊಟ್ಟೂರು ಬಸ್ಸು ಹೋದ ಸದ್ದು ಕೇಳಿಸುವ ಹೊತ್ತಿಗೆ ಮುನ್ನೂರ ಹನ್ನೆರಡನೆಯ ಸಾಲು ಮುಗಿಸಿದೆ. ಕೆಂಪು ಪೆನ್ನು ಒಂದು ಸಲವೂ ಕಾಗದ ಮುಟ್ಟಿರಲಿಲ್ಲ.

"ಲೇ ಹುಡುಗಿ, ಒಂದೂ ತಪ್ಪಿಲ್ಲ" ಎಂದೆ. ಅವಳು ನಂಬಲಿಲ್ಲ. ನನಗೇ ನಂಬಿಕೆ ಬಂದಿರಲಿಲ್ಲ. ಗುಣಾಕಾರ ಸರಿಯಿದ್ದೂ ಉತ್ತರ ತಪ್ಪು ಬಂದರೆ, ಗುಣಿಸಲು ತೆಗೆದುಕೊಂಡ ಸಂಖ್ಯೆಯೇ ತಪ್ಪಿರಬೇಕು. ಇದ್ದದ್ದು ಎರಡೇ ಸಂಖ್ಯೆ. ಒಂದು ಬಾಟಲಿಯ ಮೇಲೆ ಅಚ್ಚಾಗಿದೆ. ಇನ್ನೊಂದು ಕುರಿಯ ತೂಕ.

"ನಾಳೆ ನಿಮ್ಮಪ್ಪಗ ಎರಡು ಕುರಿ ತರಾಕ ಹೇಳು" ಅಂದೆ.

"ತೂಕ ನನ್ನ ಕೈಯಾಗ ತಪ್ಪಲ್ರಿ ಮೇಡಂ. ಅಪ್ಪ ಕಲ್ಸ್ಯಾನ. ಬೇಕಾದ್ರ ಅಪ್ಪನ್ನ ಕೇಳ್ರಿ, ಅರ್ಧ ಕೆ.ಜಿ. ಹೆಚ್ಚುಕಮ್ಮಿ ಆಗಲ್ಲ."

ಮರುದಿನ ಓಬಳೇಶಪ್ಪ ಲಗೇಜ್ ಆಟೋದಲ್ಲಿ ಎರಡು ಕುರಿ ತಂದ. ಶೇಂಗಾ ವ್ಯಾಪಾರದ ಉಜ್ಜಿನಪ್ಪನ ಅಂಗಡಿಯಲ್ಲಿ ಚೀಲ ತೂಗುವ ದೊಡ್ಡ ಕಾಟಾ ಇದೆ, ಅಲ್ಲಿಗೆ ಹೋದೆವು. ಉಜ್ಜಿನಪ್ಪ ನನ್ನ ಹಳೆಯ ವಿದ್ಯಾರ್ಥಿ. "ಇದು ಶೇಂಗಾ ಕಾಟಾ ರೀ ಮೇಡಂ, ಹಿಕ್ಕಿ ಹಾಕಿದ್ರ ಯಾರ್ ಬಳೀಬೇಕು?" ಎಂದು ಗೊಣಗಿದ. ನಾನು ಒಂದು ಸಲ ಕಣ್ಣು ಬಿಟ್ಟು ನೋಡಿದ ಮೇಲೆ ಕಾಟಾದ ಮೇಲಿದ್ದ ಚೀಲ ತಾನೇ ಇಳಿಸಿದ.

ಸಂಗೀತಾ ಮೊದಲ ಕುರಿಯ ಸೊಂಟದ ಮೇಲೆ, ಬೆನ್ನುಮೂಳೆಯ ಎರಡೂ ಕಡೆ ಬೆರಳಿಟ್ಟು ಒತ್ತಿದಳು. "ಹದಿನಾರು" ಅಂದಳು. ಅಪ್ಪನೂ ಮುಟ್ಟಿ ನೋಡಿ, "ಹೌದು, ಹದಿನಾರು" ಅಂದ. ಕುರಿಯನ್ನು ಎತ್ತಿ ನಿಲ್ಲಿಸಿದೆವು. ಕಾಟಾ ಮೂವತ್ಮೂರು ತೋರಿಸಿತು.

"ಕಾಟಾ ಕೆಟ್ಟೈತ್ರಿ" ಅಂದಳು ಸಂಗೀತಾ.

ಉಜ್ಜಿನಪ್ಪನ ಮುಖ ಕೆಂಪಾಯಿತು. ವ್ಯಾಪಾರಿಯ ಕಾಟಾ ಕೆಟ್ಟಿದೆ ಎಂದರೆ ಸುಮ್ಮನೆಯೇ? ಜಗಳವಾದೀತೆಂದು ನಾನೇ ಹತ್ತಿ ನಿಂತೆ. ಅರವತ್ತೆರಡು, ಸರಿಯಾಗಿಯೇ ಇತ್ತು. ನನ್ನ ತೂಕ ಬಜಾರಿಗೆಲ್ಲ ಗೊತ್ತಾಯಿತು, ಇರಲಿ. ಎರಡನೆಯ ಕುರಿಗೆ ಅವಳು ಹನ್ನೆರಡು ಅಂದಳು, ಕಾಟಾ ಇಪ್ಪತ್ತೈದು ಅಂದಿತು.

ಅಷ್ಟು ಹೊತ್ತು ನೋಡುತ್ತ ನಿಂತಿದ್ದ ಓಬಳೇಶಪ್ಪ ಆಗ ನಕ್ಕ. "ಅಲ್ರೀ ಟೀಚರಮ್ಮ, ತಲಿ, ತೊಗಲು, ಹೊಟ್ಟಿ, ಕಾಲು ಎಲ್ಲಾ ಸೇರ್ಸಿ ತೂಗಿದ್ರ ಅಷ್ಟು ಬರದ ಇನ್ನೇನು? ಕೊಳ್ಳೋಕ ಬಂದವ ಅದನ್ನೆಲ್ಲ ಕೇಳ್ತಾನೇನ್ರಿ? ಮಟನ್ ಎಷ್ಟು ಸಿಗ್ತೈತಿ, ಅದನ್ನ ನೋಡ್ತಾನ. ನಮ್ಮ ಕೈ ನೋಡೋದೂ ಅದನ್ನ."

ಸಂಗೀತಾ ಕುರಿಯ ಬೆನ್ನಿನ ಮೇಲಿದ್ದ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹುಟ್ಟಿದಾಗಿನಿಂದ ಅವಳು ಕುರಿಯನ್ನು ತೂಗಿದ್ದು ಹಾಗೆಯೇ. ಆ ಮನೆಯಲ್ಲಿ ಕುರಿಯ ತೂಕವೆಂದರೆ ಅದರ ಮಾಂಸದ ತೂಕ. ನಿಂತ ಕುರಿಯನ್ನು ಕಾಟಾಕ್ಕೆ ಹಾಕಿದ್ದನ್ನು ಅವಳು ಕಂಡೇ ಇರಲಿಲ್ಲ. ಔಷಧ ಹೋಗಬೇಕಾದದ್ದು ಇಡೀ ಜೀವಕ್ಕೆ, ಇವಳು ಕುಡಿಸಿದ್ದು ಮಾಂಸದ ಲೆಕ್ಕಕ್ಕೆ.

"ಅಲ್ಲವ್ವಾ, ಕಾಲೇಜಿನ್ಯಾಗ ಹೇಳಿಕೊಡ್ಲಿಲ್ಲೇನು?" ಎಂದೆ.

"ಪರೀಕ್ಷ್ಯಾಗ ತೂಕ ಕೊಟ್ಟ ಇರ್ತಾರ್ರಿ. 'ಮೂವತ್ತು ಕೆ.ಜಿ. ಕುರಿ' ಅಂತ ಇರ್ತಿತ್ತು. ಎಲ್ಲೋ ಬ್ಯಾರೆ ದೇಶದ ದೊಡ್ಡ ಕುರಿ ಇರ್ಬೇಕು ಅಂದ್ಕೊಂಡಿದ್ದೆ."

ನನಗೆ ನಗುವೂ ಬಂತು, ಎದೆಯೂ ಭಾರವಾಯಿತು. ಗಣಿತದಲ್ಲಿ ನಪಾಸಾದವಳು ಎಂದು ಡಾಕ್ಟರು ಗುಣಾಕಾರವನ್ನು ಅನುಮಾನಿಸಿದರು, ನಾನೂ ಅನುಮಾನಿಸಿದೆ, ಅವಳೂ ತನ್ನನ್ನೇ ಅನುಮಾನಿಸಿದಳು. ತೂಕದ ಕಾಲಮನ್ನು ಒಬ್ಬರೂ ನೋಡಲಿಲ್ಲ.

ಅದೇ ಮಧ್ಯಾಹ್ನ ಬೆನಕಪ್ಪನವರ ಮುಂದೆ ಹೋಗಿ ಕೂತೆವು. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆದರೆ ಆ ಮನುಷ್ಯ ಎಲ್ಲ ಕೇಳಿಸಿಕೊಂಡು, ರಿಜಿಸ್ಟರನ್ನು ಮತ್ತೆ ಸಾವಕಾಶವಾಗಿ ನೋಡಿದರು.

"ನಾನೂ ತೂಕ ನೋಡ್ಲಿಲ್ಲ, ಅದು ನನ್ನ ತಪ್ಪು" ಅಂದರು. "ನಿನ್ನ ಲೆಕ್ಕ ತಪ್ಪಿಲ್ಲ, ಒಪ್ತೀನಿ. ಆದ್ರ ಕುರಿ ಸತ್ತಾವಲ್ಲವ್ವಾ. ಮತ್ತ ಏಳೂರಿಗೂ ಹೋಗು. ಏನಾತು ಅಂತ ನೀನ ಬಾಯಿಬಿಟ್ಟು ಹೇಳು. ಅಷ್ಟು ಕೇಳಿದ ಮ್ಯಾಲೂ ಅವರು ನಿನ್ನ ಕೈಲೆ ಕುರಿ ಮುಟ್ಟಿಸಿದ್ರ ಸಹಿ ಹಾಕ್ತೀನಿ. ಒಂದ ಮನಿಯವರು ಬ್ಯಾಡ ಅಂದ್ರೂ ಹಾಕಂಗಿಲ್ಲ."

"ಇದ್ಯಾವ ನ್ಯಾಯ?" ಎಂದು ನಾನು ಏಳುವಷ್ಟರಲ್ಲಿ ಸಂಗೀತಾ, "ಹೋಗ್ತೀನ್ರಿ ಸರ್" ಅಂದುಬಿಟ್ಟಿದ್ದಳು.

ಲೆಕ್ಕ ನೋಡಲು ಬರ್ರಿ ಎಂದು ನನ್ನನ್ನೂ ಕರೆದಳು. ಹೋದೆ. ಮನೆಯಲ್ಲಿ ಕೂತು ಮಾಡುವುದಾದರೂ ಏನಿತ್ತು? ಅಷ್ಟರಲ್ಲಿ ಅವಳು ಅಪ್ಪನ ಕುರಿಗಳನ್ನೆಲ್ಲ ಉಜ್ಜಿನಪ್ಪನ ಕಾಟಾಕ್ಕೆ ಹತ್ತಿಸಿ ಒಂದು ಸೂತ್ರ ಕಂಡುಕೊಂಡಿದ್ದಳು. ಕೈಗೆ ಬಂದ ತೂಕದ ಎರಡರಷ್ಟು, ಮೇಲೊಂದು. ಎಕ್ಸ್ ಯಾಕೆ ಬೇಕೆಂದು ನನ್ನ ಜೀವ ತಿಂದವಳು ತಾನೇ ಒಂದು ಸಮೀಕರಣ ಮಾಡಿದ್ದಳು, ಅದು ಸಮೀಕರಣವೆಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ, ಹೇಳಿದರೆ ಹೆದರುತ್ತಾಳೆ.

ಊರೂರಿಗೆ ನಡೆದೆವು. ಪ್ರತಿ ರೊಪ್ಪದ ಮುಂದೆ ನಿಂತು, "ಹಿಂದಿನ ಸಲ ಅರ್ಧ ಔಷಧ ಕುಡಿಸೀನಿ, ತಪ್ಪು ನಂದು" ಎನ್ನುತ್ತಿದ್ದಳು. ಕೆಲವರು ಬೈದರು, ಕೆಲವರು ನಕ್ಕರು. ಮಾಂಸದ ತೂಕದ ವಿಷಯ ಹೇಳಿದರೆ, "ಮತ್ತ ಕುರಿ ತೂಕ ಅಂದ್ರ ಅದ ಅಲ್ಲೇನು?" ಎಂದು ಅವರೇ ಬೆರಗಾದರು. ಬೈದವರೂ ಕೊನೆಗೆ ಕುರಿ ಹಿಡಿದುಕೊಟ್ಟರು. ಪ್ರತಿ ಕುರಿಯ ಲೆಕ್ಕಕ್ಕೂ ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ತಲೆಯಾಡಿಸಿದ ಮೇಲೆಯೇ ಸಿರಿಂಜ್ ತುಂಬಿಸುತ್ತಿದ್ದಳು. ಆರು ಊರು ಮುಗಿದು ಏಳನೆಯದರಲ್ಲಿ ಒಂದೇ ಮನೆ ಉಳಿಯಿತು, ಹೊನ್ನೂರಮ್ಮನದು. ಅಲ್ಲಿಗೆ ಹೋಗುವುದನ್ನು ನಾವಿಬ್ಬರೂ ಕೊನೆಗೆ ಉಳಿಸಿಕೊಂಡಿದ್ದೆವು.

ಹೊನ್ನೂರಮ್ಮ ಮನೆ ಮುಂದೆ ಕೂತು ಸೊಪ್ಪು ಸೋಸುತ್ತಿದ್ದಳು. ಗೂಟಕ್ಕೆ ಉಳಿದ ಎರಡು ಕುರಿ. ಸಂಗೀತಾ ಅವಳೆದುರು ನೆಲದ ಮೇಲೆ ಕೂತಳು.

"ಯವ್ವಾ, ನಿನ್ನ ಎರಡು ಕುರಿ ಸತ್ತಿದ್ದು ನನ್ನ ತಪ್ಪಿಂದ. ಕುಡಿಸ್ಬೇಕಾದ್ದರಾಗ ಅರ್ಧ ಕುಡಿಸಿದ್ದೆ."

ನನಗೆ ತಡೆಯಲಾಗಲಿಲ್ಲ. "ಹಂಗೇನಿಲ್ಲಮ್ಮ, ಪೂರ್ತಿ ಕುಡಿಸಿದ್ರೂ ಉಳೀತಿದ್ವು ಅಂತ ಹೇಳಾಕ..." ಎಂದು ಶುರು ಮಾಡಿದೆ.

"ನೀವು ಸುಮ್ಕಿರ್ರಿ ಮೇಡಂ" ಅಂದಳು ಸಂಗೀತಾ.

ಹೊನ್ನೂರಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ನಾವು ಬಿಸಿಲಲ್ಲೇ ಇದ್ದೆವು. ಹೋಗು ಅಂತ ಅರ್ಥವೋ, ಇರು ಅಂತ ಅರ್ಥವೋ ತಿಳಿಯಲಿಲ್ಲ. ಈ ಒಂದು ಬಾಗಿಲಲ್ಲಿ ಎಲ್ಲ ಮುಗಿಯುತ್ತದೇನೋ ಅನ್ನಿಸಿತು. ಬಹಳ ಹೊತ್ತಿನ ಮೇಲೆ ಹೊರಬಂದವಳು ಕಣ್ಣು ಒರೆಸಿಕೊಂಡಿದ್ದು ಕಾಣುತ್ತಿತ್ತು.

"ಮಳೀಗೆ ಸತ್ತಾವ, ದೇವರು ಮುನಿದಾನ ಅಂತ ಊರೆಲ್ಲ ಹೇಳಿದ್ರು" ಅಂದಳು. "'ನನ್ನ ತಪ್ಪಿಂದ ಸತ್ತಾವ' ಅಂತ ಬಂದು ಹೇಳಿದಾಕಿ ನೀನೊಬ್ಬಾಕಿ." ಗೂಟದಿಂದ ದೊಡ್ಡ ಕುರಿ ಬಿಚ್ಚಿ, ಅದರ ಕುತ್ತಿಗೆಯನ್ನು ಎರಡು ಮೊಣಕಾಲ ನಡುವೆ ಹಿಡಿದು ನಿಂತಳು. "ಎಷ್ಟು ಕುಡಿಸ್ಬೇಕೋ ಅಷ್ಟು ಕುಡಿಸು."

ಸಂಗೀತಾ ಬೆನ್ನಿನ ಮೇಲೆ ಕೈಯಿಟ್ಟು, "ಹದಿನೈದು" ಅಂದಳು.

ನಾನು ಲೆಕ್ಕ ಮುಗಿಸಿದ್ದೆ. "ಮೂವತ್ತೊಂದು. ಒಂಬತ್ತು ಪಾಯಿಂಟ್ ಮೂರು."

ಅವಳು ನನ್ನ ಕಡೆ ನೋಡಲಿಲ್ಲ. ಕೈ ಕೆಳಗಿಳಿಸಿ ಹೊಟ್ಟೆ ಮುಟ್ಟುತ್ತಿದ್ದಳು. "ಅಲ್ರೀ ಮೇಡಂ. ಗಬ್ಬ ಐತಿ. ಎಷ್ಟು ತಿಂಗ್ಳಾತು ಯವ್ವಾ?"

"ನಾಕು."

"ಹಂಗಾದ್ರ ಈ ಔಷಧ ನಡೀತೈತಿ, ಎಳೇ ಗಬ್ಬಕ್ಕ ಅಷ್ಟ ಬ್ಯಾಡ. ಹೊಟ್ಟ್ಯಾಗಿನ ಮರಿಗೂ ತೂಕ ಐತ್ರಿ ಮೇಡಂ, ಮೂವತ್ನಾಕು ಹಿಡೀರಿ. ಹತ್ತು ಪಾಯಿಂಟ್ ಎರಡು." ನಾನು ಮನಸ್ಸಿನಲ್ಲಿ ಗುಣಿಸಿ ಮುಗಿಸುವ ಮೊದಲೇ ಸಿರಿಂಜ್ ತುಂಬಿತ್ತು. ಲೆಕ್ಕ ಸರಿಯಿತ್ತು.

ಎರಡನೆಯ ಕುರಿಗೂ ಕುಡಿಸಿದಳು. ಏಳೂರ ಕೆಲಸ ಅಲ್ಲಿಗೆ ಮುಗಿಯಿತು, ಇನ್ನು ಸಹಿಗೆ ಅಡ್ಡಿಯಿಲ್ಲ. ಖುಷಿಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, "ಏಳವ್ವಾ, ಬಸ್ಸು ತಪ್ಪುತೈತಿ, ಡಾಕ್ಟ್ರು ಹೋಗಿಬಿಟ್ಟಾರು" ಎಂದು ಅವಸರ ಮಾಡಿದೆ. ಸಂಗೀತಾ ಏಳಲಿಲ್ಲ. ಗಬ್ಬದ ಕುರಿಯ ಹೊಟ್ಟೆಯ ಕೆಳಗೆ ಮತ್ತೆ ಕೈಯಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಕೂತಳು.

"ಯವ್ವಾ, ಒಂದಲ್ಲ, ಎರಡು ಮರಿ ಅದಾವ" ಅಂದಳು.

ಹೊನ್ನೂರಮ್ಮ ಕುರಿಯ ಕುತ್ತಿಗೆ ಬಿಟ್ಟು ಅವಳ ಮುಖ ನೋಡಿದಳು. "ಹಂಗಾದ್ರ ಈಯೋ ಹೊತ್ತಿಗೆ ನೀನ ಬಾ" ಅಂದಳು. "ಬ್ಯಾರೆ ಯಾರನ್ನೂ ನಾನು ಕರಿಯಂಗಿಲ್ಲ."